ಮೊದಲೇ ಹೊರಬಿದ್ದ ಒಂಟೆ: ಮಂತ್ರಿ-ಪದಾತಿ ಆಟಗಳಲ್ಲಿ ಒಂದು ಹಳೆಯ ಪ್ರಶ್ನೆ

ಮಂತ್ರಿಯ ಮುಂದಿನ ಪದಾತಿಯನ್ನು ಎರಡು ಮನೆ ಮುಂದೊತ್ತಿ ಆರಂಭವಾಗುವ ಚದುರಂಗದಾಟದಲ್ಲಿ ಬಿಳಿಯ ಪಾಳಯವನ್ನು ಮೊದಲು ಕಾಡುವುದು ಸಿ1 ಮನೆಯ ಒಂಟೆ. ಡಿ4 ಪದಾತಿಗೆ ಆಸರೆಯಾಗಿ ಇ3ರಲ್ಲಿ ಇನ್ನೊಂದು ಪದಾತಿ ನಿಲ್ಲಲೇಬೇಕಾಗುತ್ತದೆ. ಅದು ನಿಂತ ಕ್ಷಣವೇ ಎಫ್1ರ ಒಂಟೆಗೆ ದಾರಿ ತೆರೆಯುತ್ತದೆ, ಸಿ1ರ ಒಂಟೆಗೆ ದಾರಿ ಮುಚ್ಚುತ್ತದೆ. ಸಿ1, ಡಿ4, ಇ3 ಮೂರೂ ಕಪ್ಪು ಮನೆಗಳು. ಸಿ3ರಲ್ಲೂ ಪದಾತಿ ಇಟ್ಟರೆ ಒಂಟೆ ತನ್ನವರ ನಡುವೆಯೇ ಸೆರೆಯಾದಂತೆ. ಇ3 ಆಡುವ ಮೊದಲೇ ಅದನ್ನು ಎಫ್4 ಅಥವಾ ಜಿ5 ಮನೆಗೆ ಹೊರಡಿಸಿಬಿಡುವುದು ಇದಕ್ಕೆ ಸರಳ ಪರಿಹಾರ. ಲಂಡನ್ ಪದ್ಧತಿ, ಟೋರೆ ದಾಳಿ, ಟ್ರೊಂಪೊವ್‌ಸ್ಕಿ, ವೆರೆಸೊವ್, ಜೊಬಾವ ಎಂದು ಬೇರೆ ಬೇರೆ ಹೆಸರಿನ ಆರಂಭಗಳೆಲ್ಲ ಈ ಒಂದೇ ಯೋಚನೆಯ ಕವಲುಗಳು.

ಪರಿಹಾರ ಸರಳವಾದರೂ ಪುಕ್ಕಟೆಯಲ್ಲ. ಸಿ4 ಆಡಿ ಡಿ5ರ ಮೇಲೆ ಒತ್ತಡ ಹೇರುವ ಮಂತ್ರಿ ಗ್ಯಾಂಬಿಟ್‌ನ ಬಲವನ್ನು ಬಿಳಿ ಇಲ್ಲಿ ಬಿಟ್ಟುಕೊಡುತ್ತದೆ. ಅದಕ್ಕಿಂತ ಹತ್ತಿರದ ಅಪಾಯವೆಂದರೆ ಬಿ2 ಪದಾತಿ. ಅದನ್ನು ಕಾಯುತ್ತಿದ್ದುದು ಸಿ1ರ ಒಂಟೆಯೊಂದೇ. ಅದು ಹೊರಟ ಮೇಲೆ ಅಲ್ಲಿ ಕಾವಲಿಲ್ಲ. ಈ ಆರಂಭಗಳ ಬಗ್ಗೆ ಬಂದ ಪುಸ್ತಕಗಳ ಬಹುಪಾಲು ವಾದವಿವಾದ ಕೊನೆಗೆ ಬಂದು ನಿಲ್ಲುವುದು ಕರಿಯ ಮಂತ್ರಿ ಬಿ6ಕ್ಕೆ ಬಂದಾಗ ಬಿಳಿ ಏನು ಮಾಡಬೇಕು ಎಂಬಲ್ಲಿ.

ಒಂಟೆಗೆ ಈ ದೂರದ ಓಟ ಮೊದಲಿನಿಂದ ಇದ್ದದ್ದಲ್ಲ. ಅರಬ್ಬರ ಶತ್ರಂಜ್‌ನಲ್ಲಿ ಈ ಸ್ಥಾನದ ಕಾಯಿ ಓರೆಯಾಗಿ ಸರಿಯಾಗಿ ಎರಡೇ ಮನೆ ಜಿಗಿಯುತ್ತಿತ್ತು. ಹದಿನೈದನೆಯ ಶತಮಾನದ ಕೊನೆಯಲ್ಲಿ ಯೂರೋಪಿನಲ್ಲಿ ಹೊಸ ನಿಯಮ ಬಂದ ಮೇಲೆ ಅದು ಹಲಗೆಯ ಉದ್ದಗಲಕ್ಕೂ ಓಡಾಡಿತು. ಭಾರತದ ದೇಶಿ ಪದ್ಧತಿ ಹೊಸ ಒಂಟೆಯನ್ನು ಒಪ್ಪಿಕೊಂಡಿತಾದರೂ ಬೇರೆ ಕೆಲವು ಹಳೆಯ ಕಟ್ಟುಗಳನ್ನು ಬಿಡಲಿಲ್ಲ. ಪದಾತಿಗೆ ಒಂದೊಂದೇ ಮನೆಯ ನಡೆ; ಈಗಿನ ಕ್ಯಾಸ್ಲಿಂಗ್ ಇಲ್ಲ, ಬದಲಿಗೆ ರಾಜನಿಗೆ ಒಮ್ಮೆ ಮಾತ್ರ ಕುದುರೆಯಂತೆ ನೆಗೆಯುವ ಸೌಲಭ್ಯ. ತಿರುವೆಂಗಡಾಚಾರ್ಯ ಶಾಸ್ತ್ರಿಯವರು ಸಂಸ್ಕೃತದಲ್ಲಿ ಬರೆದು, 1814ರಲ್ಲಿ ಮುಂಬಯಿಯಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದ ಚದುರಂಗದ ಪುಸ್ತಕ ಯೂರೋಪಿನ ರೀತಿಯ ಆಟಕ್ಕೆ ಹೊಂದಿಸಿ ಬರೆದದ್ದು. ಎರಡು ಪದ್ಧತಿಗಳು ಅಕ್ಕಪಕ್ಕದಲ್ಲಿ ಬದುಕಿದ್ದ ಕಾಲ ಅದು. ದೇಶಿ ಆಟದಲ್ಲಿ ಡಿ ಪದಾತಿ ಒಂದು ಮನೆ ಸರಿದರೂ ಸಿ1ರ ಒಂಟೆಗೆ ದಾರಿ ಸಿಗುತ್ತಿತ್ತು, ಆದರೆ ನಡುಮನೆಗಳ ಜಗಳ ನಿಧಾನಕ್ಕೆ ಹೊತ್ತಿಕೊಳ್ಳುತ್ತಿದ್ದುದರಿಂದ ಅವಸರದ ಅಗತ್ಯವಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಕಲ್ಕತ್ತೆಯಲ್ಲಿ ಜಾನ್ ಕಾಕ್ರೇನ್ ವಿರುದ್ಧ ಮಹೇಶ್ಚಂದ್ರ ಬ್ಯಾನರ್ಜಿ ಆಡಿದ ಆಟಗಳ ದೆಸೆಯಿಂದ ಡಿ4ಕ್ಕೆ ಕುದುರೆ ಎಫ್6 ಎಂದು ಉತ್ತರಿಸುವ ಆಟಗಳಿಗೆ ಇಂಡಿಯನ್ ಎಂಬ ಹೆಸರು ಅಂಟಿತು. ಜಿ5ಕ್ಕೆ ಹೊರಡುವ ಒಂಟೆಯ ಗುರಿಯೂ ಆ ಎಫ್6ರ ಕುದುರೆಯೇ.

ಎಫ್4 ದಾರಿ ಹಿಡಿದವರಲ್ಲಿ 1880ರ ದಶಕದ ಜೇಮ್ಸ್ ಮೇಸನ್ ಹೆಸರು ಮೊದಲು ಬರುತ್ತದೆ. ಲಂಡನ್ ಎಂಬ ಹೆಸರು ಬಂದದ್ದು 1922ರ ಲಂಡನ್ ಪಂದ್ಯಾವಳಿಯಿಂದ. ಅಲ್ಲಿ ಕಾಪಾಬ್ಲಾಂಕಾ ಹದಿನೈದು ಆಟಗಳಲ್ಲಿ 13 ಅಂಕ ಗಳಿಸಿ ಮೊದಲಿಗರಾದರು, ಅಲೆಖಿನ್ ಹನ್ನೊಂದೂವರೆ ಅಂಕದೊಂದಿಗೆ ಎರಡನೆಯವರಾದರು. ಆಗ ಹೊಸ ಫ್ಯಾಷನ್ ಆಗಿದ್ದ ಜಿ6, ಒಂಟೆ ಜಿ7 ವಿನ್ಯಾಸದ ಎದುರು ಏನಾಡಬೇಕೆಂಬುದು ಹಿರಿಯರ ತಲೆನೋವಾಗಿತ್ತು. ಯೂವೆ ವಿರುದ್ಧ ಅಲೆಖಿನ್ ಮೂರನೆಯ ನಡೆಗೇ ಒಂಟೆಯನ್ನು ಎಫ್4ಕ್ಕೆ ತಂದು, ಇ3, ಸಿ3, ಎಚ್3 ಎಂದು ಗೋಡೆ ಕಟ್ಟಿ ಗೆದ್ದರು. ಇಂದಿಗೂ ಲಂಡನ್ ಪದ್ಧತಿಯ ಮೈಕಟ್ಟು ಹೆಚ್ಚುಕಡಿಮೆ ಅದೇ. ಸಿ3, ಡಿ4, ಇ3 ಪದಾತಿಗಳ ಗೋಪುರ; ಎಫ್3, ಡಿ2ರಲ್ಲಿ ಕುದುರೆಗಳು; ಡಿ3ರಲ್ಲಿ ನಿಂತು ಎಚ್7ರತ್ತ ಕಣ್ಣಿಟ್ಟ ಬಿಳಿಮನೆಯ ಒಂಟೆ; ಮುಂದೆ ಕುದುರೆಯೊಂದು ಇ5ಕ್ಕೆ. ಎಚ್3ರ ಪದಾತಿ ಸುಮ್ಮನೆ ಕಳೆದ ನಡೆಯಂತೆ ಕಂಡರೂ ಅದಕ್ಕೊಂದು ಕೆಲಸವಿದೆ. ಕರಿಯ ಕುದುರೆ ಎಚ್5ಕ್ಕೆ ಬಂದು ಒಂಟೆಯನ್ನು ಅಟ್ಟಿದಾಗ ಎಚ್2ರಲ್ಲಿ ಅದಕ್ಕೆ ತಂಗುಮನೆ ಸಿಗುತ್ತದೆ.

ಈ ಮೈಕಟ್ಟು ಎದುರಾಳಿ ಏನೇ ಆಡಿದರೂ ಒಂದೇ ಬಗೆಯಲ್ಲಿ ಕಟ್ಟಬಹುದು ಎಂಬುದೇ ಲಂಡನ್‌ನ ಆಕರ್ಷಣೆ. ಸೋಮಾರಿಗಳ ಆರಂಭ ಎಂಬ ಕೆಟ್ಟ ಹೆಸರು ಬಂದದ್ದೂ ಅದರಿಂದಲೇ. ಆ ಮಾತು ಅರ್ಧ ನಿಜ. ಕಣ್ಣು ಮುಚ್ಚಿ ಎಂಟು ನಡೆ ಆಡಬಹುದೆಂದು ನಂಬಿದವನಿಗೆ ಕೆಳಗಿನ ಸಾಲು ಸಾಕಷ್ಟು ಪಾಠ ಕಲಿಸುತ್ತದೆ. 1. ಡಿ4 ಡಿ5 2. ಕುದುರೆ ಎಫ್3 ಕುದುರೆ ಎಫ್6 3. ಒಂಟೆ ಎಫ್4 ಸಿ5 4. ಇ3 ಕುದುರೆ ಸಿ6 5. ಸಿ3 ಮಂತ್ರಿ ಬಿ6. ಬಿ2ರ ಮೇಲೆ ಕಣ್ಣು ಬಿದ್ದಿದೆ. 6. ಮಂತ್ರಿ ಬಿ3 ಎಂದು ಮಂತ್ರಿಗೆ ಮಂತ್ರಿಯನ್ನೇ ಎದುರು ನಿಲ್ಲಿಸುವುದು ಸಹಜ ಉತ್ತರ. ಕರಿ 6... ಸಿ4 ಎಂದು ಪದಾತಿ ನೂಕುತ್ತದೆ. 7. ಮಂತ್ರಿ ಸಿ2. ಈಗ 7... ಒಂಟೆ ಎಫ್5! ಪುಕ್ಕಟೆ ಸಿಕ್ಕ ಒಂಟೆಯೆಂದು 8ನೆಯ ನಡೆಗೆ ಬಿಳಿಯ ಮಂತ್ರಿ ಎಫ್5ರಲ್ಲಿ ಹೊಡೆದರೆ, ಕರಿಯ ಮಂತ್ರಿ ಬಿ2 ಪದಾತಿಯನ್ನು ತಿಂದು ಎ1ರ ಆನೆಯ ಕುತ್ತಿಗೆ ಹಿಡಿಯುತ್ತದೆ. ಬಿ1ರ ಕುದುರೆ ಕದಲದೆ ನಿಂತಿರುವುದರಿಂದ ಆನೆಗೆ ಓಡಲು ಜಾಗವಿಲ್ಲ. ಹಾಗಾಗಿ ಬಿಳಿಯ ಮಂತ್ರಿ ಸಿ1ಕ್ಕೆ ಸರಿದು ಮುದುಡಿ ಕೂರಬೇಕು. ಸೋತದ್ದೇನೂ ಇಲ್ಲ, ಆದರೆ ಮೊದಲ ನಡೆಯ ಲಾಭ ಕರಗಿಹೋಯಿತು. ಇದನ್ನು ತಪ್ಪಿಸಲೆಂದೇ ಈಗಿನ ಆಟಗಾರರು ಸಿ3 ಆಡುವುದನ್ನು ತಡಮಾಡುತ್ತಾರೆ. ಮೊದಲು ಡಿ2ಕ್ಕೆ ಕುದುರೆ, ಇಲ್ಲವೇ ಮಂತ್ರಿ ಬಿ6ಕ್ಕೆ ಬಂದ ಕೂಡಲೇ ಸಿ3ಕ್ಕೆ ಕುದುರೆ. ಎರಡನೆಯ ದಾರಿಯಲ್ಲಿ ಕರಿ ಬಿ2 ತಿಂದರೆ ಬಿಳಿಯ ಕುದುರೆ ಬಿ5ಕ್ಕೆ ಹಾರಿ ಸಿ7ರಲ್ಲಿ ರಾಜನಿಗೂ ಆನೆಗೂ ಒಟ್ಟಿಗೆ ಪೆಟ್ಟು ಕೊಡುವ ಬೆದರಿಕೆ ಹಾಕುತ್ತದೆ. ಎಫ್4ರ ಒಂಟೆ ಕಾಯುತ್ತಿರುವುದೂ ಅದೇ ಸಿ7 ಮನೆಯನ್ನು.

ಜಿ5ರ ದಾರಿಗಳಲ್ಲಿ ಶಾಂತವಾದದ್ದು ಟೋರೆ ದಾಳಿ: ಕುದುರೆ ಎಫ್3 ಆದ ಮೇಲೆ ಮೂರನೆಯ ನಡೆಗೆ ಒಂಟೆ ಜಿ5. ಮೆಕ್ಸಿಕೊದ ಕಾರ್ಲೋಸ್ ಟೋರೆ 1904ರಲ್ಲಿ ಹುಟ್ಟಿ, 1926ರ ನಂತರ ಅನಾರೋಗ್ಯದಿಂದ ಆಟವನ್ನೇ ಬಿಟ್ಟವರು. ಅವರ ಹೆಸರು ಉಳಿದಿರುವುದು 1925ರ ಮಾಸ್ಕೋ ಪಂದ್ಯಾವಳಿಯಲ್ಲಿ ಇಮ್ಯಾನುಯೆಲ್ ಲಾಸ್ಕರ್ ವಿರುದ್ಧ ಆಡಿದ ಒಂದು ಆಟದಿಂದ. ಆ ಆಟದ ಒಂಟೆಯನ್ನೊಂದೇ ಹಿಂಬಾಲಿಸಿದರೂ ಈ ಆರಂಭದ ಸ್ವಭಾವ ತಿಳಿಯುತ್ತದೆ. ಮೂರನೆಯ ನಡೆಗೆ ಜಿ5ಕ್ಕೆ ಹೊರಟ ಒಂಟೆ ಹದಿನಾಲ್ಕನೆಯ ನಡೆಗೆ ಸದ್ದಿಲ್ಲದೆ ಸಿ1ಕ್ಕೆ ಮರಳಿತು. ಹತ್ತೊಂಬತ್ತರಲ್ಲಿ ಕಾಯಿ ಹೊಡೆದು ಮತ್ತೆ ಜಿ5. ಇಪ್ಪತ್ತೈದರಲ್ಲಿ ಎಚ್5ರ ತನ್ನ ಮಂತ್ರಿಯನ್ನು ಎದುರಾಳಿಗೆ ಬಿಟ್ಟುಕೊಟ್ಟು ಒಂಟೆ ಎಫ್6ಕ್ಕೆ ನೆಗೆಯಿತು. ಲಾಸ್ಕರ್ ಮಂತ್ರಿಯನ್ನು ಹೊಡೆದರು. ಆನೆ ಜಿ7ರಲ್ಲಿ ಪದಾತಿ ಹೊಡೆದು ಚೆಕ್, ರಾಜ ಎಚ್8. ಆನೆ ಎಫ್7ರಲ್ಲಿ ಹೊಡೆಯುತ್ತ ಒಂಟೆಯ ಚೆಕ್ ತೆರೆಯಿತು, ರಾಜ ಜಿ8. ಆನೆ ಮತ್ತೆ ಜಿ7, ರಾಜ ಮತ್ತೆ ಎಚ್8. ಆನೆ ಬಿ7ರ ಒಂಟೆಯನ್ನು ತಿಂದು ಬಂದಿತು, ಜಿ7ಕ್ಕೆ ಮರಳಿತು, ಕೊನೆಗೆ ಜಿ5ಕ್ಕೆ ಇಳಿದು ಎಚ್5ರ ಮಂತ್ರಿಯನ್ನೂ ಎತ್ತಿಕೊಂಡಿತು. ಗಾಳಿಯಂತ್ರ ಎಂದು ಕರೆಯುವ ಈ ತಂತ್ರಕ್ಕೆ ಇಡೀ ಚದುರಂಗ ಸಾಹಿತ್ಯದಲ್ಲಿ ಇದಕ್ಕಿಂತ ಹೆಸರಾದ ಉದಾಹರಣೆ ಇಲ್ಲ. ಗಮನಿಸಬೇಕಾದ ಮಾತೆಂದರೆ, ಒಂಟೆ ಬೇಗ ಹೊರಬಿದ್ದದ್ದರಿಂದಲೇ ಗೆಲುವು ಬರಲಿಲ್ಲ. ಹೊರಬಿದ್ದ ಒಂಟೆಯನ್ನು ಬೇಕಾದಾಗ ಮನೆಗೆ ಕರೆದುಕೊಳ್ಳುವ ತಾಳ್ಮೆ ಟೋರೆಗಿತ್ತು.

ಅದೇ ಆರಂಭದ ಇನ್ನೊಂದು ಮುಖ 1966ರ ವಿಶ್ವ ಚಾಂಪಿಯನ್‌ಷಿಪ್‌ನ ಏಳನೆಯ ಆಟದಲ್ಲಿ ಕಾಣುತ್ತದೆ. ಸ್ಪಾಸ್ಕಿ ಟೋರೆ ದಾಳಿ ಆಡಿದರು. ಒಂಬತ್ತನೆಯ ನಡೆಗೆ ಇ5ಕ್ಕೆ ಬಂದ ಕುದುರೆಯನ್ನು ಪೆಟ್ರೋಸಿಯಾನ್ ಹೊಡೆದು ಬಿಡಿಸಿಕೊಂಡರು. ಅಲ್ಲಿಗೆ ಬಿಳಿಯ ಡಿ ಪದಾತಿ ಡಿ4 ಬಿಟ್ಟು ಇ5ಕ್ಕೆ ಸರಿಯಬೇಕಾಯಿತು. ಎಫ್4ಕ್ಕೆ ಸರಿದ ಒಂಟೆಯ ಮೇಲೆ ಎಚ್6, ಜಿ5, ಎಚ್5 ಎಂದು ಕರಿಯ ಪದಾತಿಗಳು ಒಂದರ ಹಿಂದೊಂದು ನುಗ್ಗಿದವು. ಕರಿಯ ರಾಜ ಮಂತ್ರಿಯ ಕಡೆಗೆ ಕ್ಯಾಸ್ಲಿಂಗ್ ಮಾಡಿಕೊಂಡು ನಿಶ್ಚಿಂತನಾದ. ಗೆದ್ದದ್ದು ಪೆಟ್ರೋಸಿಯಾನ್. ಮುಂದೆ ಹೋದ ಒಂಟೆ ಎದುರಾಳಿಯ ಪದಾತಿಗಳಿಗೆ ಗುರಿಯಾಗಿ ಸಿಗುವುದು ಹೇಗೆಂಬುದಕ್ಕೆ ಈ ಆಟ ಸಾಕ್ಷಿ.

ಟ್ರೊಂಪೊವ್‌ಸ್ಕಿ ಇನ್ನೂ ದಿಟ್ಟ: 1. ಡಿ4 ಕುದುರೆ ಎಫ್6 ಆದೊಡನೆ 2. ಒಂಟೆ ಜಿ5. ಬ್ರೆಜಿಲ್‌ನ ಒಕ್ಟಾವಿಯೊ ಟ್ರೊಂಪೊವ್‌ಸ್ಕಿ (1897-1984) ಹೆಸರಿನ ಈ ಆರಂಭಕ್ಕೆ ನಿಜವಾದ ಮರುಹುಟ್ಟು ಕೊಟ್ಟವರು ನಾಲ್ಕು ಬಾರಿ ಬ್ರಿಟಿಷ್ ಚಾಂಪಿಯನ್ ಆದ ಜೂಲಿಯನ್ ಹಾಡ್ಜ್‌ಸನ್. ಎಫ್6ರ ಕುದುರೆಯನ್ನು ಹೊಡೆದು ಕರಿಯ ಪದಾತಿಗಳನ್ನು ಒಂದರ ಹಿಂದೊಂದು ನಿಲ್ಲಿಸುವುದು ಇದರ ಮೂಲ ಬೆದರಿಕೆ. ಬದಲಿಗೆ ಕರಿಗೆ ಒಂಟೆಗಳ ಜೋಡಿ ಉಳಿಯುತ್ತದೆ. ಯಾವುದು ಹೆಚ್ಚು ಬೆಲೆಯದು ಎಂಬುದು ಆಡುವವರ ರುಚಿಗೆ ಬಿಟ್ಟದ್ದು. ಕರಿಯ ಹೆಸರಾದ ಉತ್ತರ 2... ಕುದುರೆ ಇ4. ಒಂಟೆ ಎಫ್4ಕ್ಕೆ ಹಿಂದೆ ಸರಿಯುತ್ತದೆ, ಕರಿ ಸಿ5 ಆಡುತ್ತದೆ, ಬಿಳಿ ಎಫ್3 ಎಂದು ಕುದುರೆಯನ್ನು ಕೇಳುತ್ತದೆ, ಕರಿಯ ಮಂತ್ರಿ ಎ5ರಿಂದ ಚೆಕ್ ಕೊಟ್ಟು ಬಿಳಿಯ ಸಿ3 ಪದಾತಿಯನ್ನು ಹೊರಡಿಸಿ, ಆಮೇಲೆ ಬಿ6ಕ್ಕೆ ಸರಿದು ಬಿ2ರತ್ತ ನೋಡುತ್ತದೆ. ಇಲ್ಲಿ ಒಂಟೆ ಸಿ1ಕ್ಕೇ ಮರಳುವ ನಡೆಯೂ ಚಾಲ್ತಿಯಲ್ಲಿದೆ! ಇನ್ನೊಂದು ಕವಲು 2... ಸಿ5 3. ಡಿ5 ಮಂತ್ರಿ ಬಿ6 4. ಕುದುರೆ ಸಿ3. ವಗನಿಯಾನ್ ಹೆಸರಿನ ಈ ಗ್ಯಾಂಬಿಟ್‌ನಲ್ಲಿ ಬಿಳಿ ಬಿ2ನ್ನು ತಿನ್ನಲು ಬಿಟ್ಟು, ಒಂಟೆಯನ್ನು ಡಿ2ಕ್ಕೆ ತಂದು, ಇ4 ನೂಕಿ ನಡುಮನೆಗಳನ್ನು ಆಕ್ರಮಿಸುತ್ತದೆ.

ಎ5ರ ಚೆಕ್ ಮರೆತವರ ಗತಿ ಏನಾಗುತ್ತದೆಂಬುದು 1984ರಲ್ಲಿ ಯುಗೊಸ್ಲಾವಿಯದ ಬೇಲಾ ತ್ಸ್ರ್ಕ್ವಾದಲ್ಲಿ ನಡೆದ ಆಟವೊಂದರಲ್ಲಿ ದಾಖಲಾಗಿದೆ. ಜೋರ್ಜೆವಿಚ್ ಬಿಳಿ, ಗ್ರ್ಯಾಂಡ್‌ಮಾಸ್ಟರ್ ವ್ಲಾಟ್ಕೊ ಕೊವಾಚೆವಿಚ್ ಕರಿ. 1. ಡಿ4 ಕುದುರೆ ಎಫ್6 2. ಒಂಟೆ ಜಿ5 ಸಿ6 3. ಇ3 ಮಂತ್ರಿ ಎ5 ಚೆಕ್. ಬಿಳಿ ಅಲ್ಲೇ ಕೈಚೆಲ್ಲಿತು. ಚೆಕ್ ತಪ್ಪಿಸಿದ ಮರುನಡೆಗೆ ಮಂತ್ರಿ ಐದನೆಯ ಅಡ್ಡಸಾಲಿನಲ್ಲಿ ಓಡಿ ಜಿ5ರ ಒಂಟೆಯನ್ನು ಎತ್ತುತ್ತದೆ. ಪಂದ್ಯಾವಳಿಗಳಲ್ಲಿ ಬಲ್ಲವರು ಸೋತ ಅತಿ ಚಿಕ್ಕ ಆಟಗಳ ಪಟ್ಟಿಯಲ್ಲಿ ಇದು ಖಾಯಂ.

ಬಿಳಿ ಮೊದಲು ಕುದುರೆಯನ್ನು ಸಿ3ಕ್ಕೆ ತಂದು ಆಮೇಲೆ ಒಂಟೆ ಹೊರಡಿಸುವ ಎರಡು ಆರಂಭಗಳನ್ನು ಇಲ್ಲಿ ಚುಟುಕಾಗಿ ಹೇಳಿದರೆ ಸಾಕು. ಒಂಟೆ ಜಿ5ಕ್ಕೆ ಹೋದರೆ ಅದು ಬೆಲಾರೂಸ್‌ನ ಗವ್ರೀಲ್ ವೆರೆಸೊವ್ ಹೆಸರಿನದು, ಗುರಿ ಇ4. ಎಫ್4ಕ್ಕೆ ಹೋದರೆ ಜಾರ್ಜಿಯದ ಬಾದೂರ್ ಜೊಬಾವ ಜನಪ್ರಿಯಗೊಳಿಸಿದ್ದು, ಗುರಿ ಕುದುರೆ ಬಿ5 ಮತ್ತು ಸಿ7. ಎರಡರಲ್ಲೂ ಸಿ ಪದಾತಿಗೆ ಕುದುರೆ ಅಡ್ಡ ನಿಂತಿರುತ್ತದೆ. ಕರಿ ಸಮಯ ನೋಡಿ ಸಿ5 ಒಡೆದರೆ ಬಿಳಿಯ ಬಳಿ ಡಿ4ನ್ನು ಕಾಯಲು ಸಿ3 ಪದಾತಿ ಇರುವುದಿಲ್ಲ. ದಾಳಿ ಕೂಡಿಬಂದರೆ ಬಲು ಚೆಂದ, ಕೂಡಿಬರದಿದ್ದರೆ ರಿಪೇರಿಗೆ ಏನೂ ಉಳಿಯುವುದಿಲ್ಲ.

ಕಳೆದ ಶತಮಾನದ ಬಹುಭಾಗ ಈ ಆರಂಭಗಳು ಮೇಲಿನ ಹಂತದಲ್ಲಿ ಎರಡನೆಯ ದರ್ಜೆಯವೆನಿಸಿದ್ದವು. ಕಂಪ್ಯೂಟರ್ ಎಂಜಿನ್‌ಗಳು ಬಂದ ಮೇಲೆ ಆ ಲೆಕ್ಕ ಬದಲಾಯಿತು. ಮುಖ್ಯ ಸಾಲುಗಳನ್ನೆಲ್ಲ ಇಪ್ಪತ್ತು ನಡೆಯವರೆಗೆ ಎದುರಾಳಿಯೂ ಬಾಯಿಪಾಠ ಮಾಡಿ ಬಂದಿರುವಾಗ, ಸಮ ಎನಿಸಿದರೂ ಕಾಯಿಗಳೆಲ್ಲ ಹಲಗೆಯ ಮೇಲೆ ಉಳಿದಿರುವ ಸ್ಥಿತಿಗೆ ಬೆಲೆ ಹೆಚ್ಚಿತು. 2016ರ ಜನವರಿಯಲ್ಲಿ ವೈಕ್ ಆನ್ ಜೀಯಲ್ಲಿ ಕಾರ್ಲ್‌ಸನ್ ಲಂಡನ್ ಪದ್ಧತಿಯಿಂದ ತೊಮಾಶೆವ್‌ಸ್ಕಿಯನ್ನು ಸೋಲಿಸಿದರು. ಅದೇ ವರ್ಷ ನವೆಂಬರ್ 11ರಂದು ನ್ಯೂಯಾರ್ಕ್‌ನಲ್ಲಿ ಕಾರ್ಯಾಕಿನ್ ವಿರುದ್ಧದ ವಿಶ್ವ ಚಾಂಪಿಯನ್‌ಷಿಪ್‌ನ ಮೊದಲ ಆಟದಲ್ಲೇ ಟ್ರೊಂಪೊವ್‌ಸ್ಕಿ ಆಡಿದರು. ಅಮೆರಿಕದ ಅಧ್ಯಕ್ಷ ಚುನಾವಣೆ ಮುಗಿದು ಮೂರೇ ದಿನವಾಗಿತ್ತು. ಟ್ರಂಪ್ ಹೆಸರಿಗೂ ಆರಂಭದ ಹೆಸರಿಗೂ ನಂಟು ಹಚ್ಚಿ ಅವರು ಆಡಿದ ತಮಾಷೆ ಆಟಕ್ಕಿಂತ ಹೆಚ್ಚು ಸುದ್ದಿಯಾಯಿತು. ಆಟ 42 ನಡೆಗೆ ಡ್ರಾ. 2023ರಲ್ಲಿ ಅಸ್ತಾನಾದಲ್ಲಿ ಡಿಂಗ್ ಲಿರೆನ್ ಆರನೆಯ ಆಟದಲ್ಲಿ ಲಂಡನ್ ಆಡಿ ನೆಪೊಮ್ನಿಯಾಚ್ಚಿಯನ್ನು 44 ನಡೆಗಳಲ್ಲಿ ಸೋಲಿಸಿ ಪಂದ್ಯವನ್ನು 3-3ಕ್ಕೆ ತಂದರು. ಅದೇ ಡಿಂಗ್ 2024ರ ಡಿಸೆಂಬರ್ 1ರಂದು ಸಿಂಗಪುರದಲ್ಲಿ, ಮತ್ತೆ ಆರನೆಯ ಆಟದಲ್ಲೇ, ಗುಕೇಶ್ ವಿರುದ್ಧ ಎರಡನೆಯ ನಡೆಗೆ ಒಂಟೆಯನ್ನು ಎಫ್4ಕ್ಕೆ ತಂದರು. ಗುಕೇಶ್ ಏಳನೆಯ ನಡೆಗೆ ಕುದುರೆಯನ್ನು ಎಚ್5ಕ್ಕೆ ಬಿಟ್ಟು ಒಂಟೆಯನ್ನು ಅಟ್ಟಿದರು. ಮುಂದೆ ನಡೆ ಪುನರಾವರ್ತಿಸಿ ಡ್ರಾ ಮಾಡಿಕೊಳ್ಳುವ ದಾರಿ ತೆರೆದಿದ್ದರೂ ಅದನ್ನು ಬಿಟ್ಟು ಆಡಿದರು. ಆಟ 46 ನಡೆಗೆ ಸಮವಾಯಿತು. ಪಂದ್ಯವನ್ನು ಗುಕೇಶ್ ಏಳೂವರೆ-ಆರೂವರೆ ಅಂಕದಿಂದ ಗೆದ್ದರು.

ಕೃಷ್ಣೆ, ಘಟಪ್ರಭೆಗಳ ನಡುವಿನ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಕಡೆಯಿಂದ ಈ ಪ್ರಶ್ನೆಯನ್ನು ನೋಡಿದರೆ ಅದಕ್ಕೆ ಬೇರೆಯ ತೂಕ ಬರುತ್ತದೆ. ಈ ಊರುಗಳ ಹಳೆಯ ನಂಟು ಬೆಂಗಳೂರಿಗಿಂತ ಸಾಂಗಲಿಯೊಂದಿಗೆ ಹತ್ತಿರದ್ದು. ಜಮಖಂಡಿಯೂ ಸಾಂಗಲಿಯೂ ಪಟವರ್ಧನ ಮನೆತನದ ಸಂಸ್ಥಾನಗಳು. ರಬಕವಿ ಸಾಂಗಲಿಗೆ, ಬನಹಟ್ಟಿ ಜಮಖಂಡಿಗೆ ಸೇರಿತ್ತು. ಮುಧೋಳ ಘೋರ್ಪಡೆಯವರದು, ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯದು. ಆ ಸಾಂಗಲಿಯಲ್ಲಿ ಭಾವುಸಾಹೇಬ ಪಡಸಲಗೀಕರ 1941ರಲ್ಲಿ ಕಟ್ಟಿದ ನೂತನ ಬುದ್ಧಿಬಳ ಮಂಡಳ ದೇಶದ ಹಿರಿಯ ಚದುರಂಗ ಸಂಸ್ಥೆಗಳಲ್ಲೊಂದು. ಐದು ಬಾರಿ ರಾಷ್ಟ್ರೀಯ ಮಹಿಳಾ ಚಾಂಪಿಯನ್ ಆದ ಭಾಗ್ಯಶ್ರೀ ಸಾಠೆ ಠಿಪ್ಸೆ ಸಾಂಗಲಿಯವರು. ಇತ್ತ ಕರ್ನಾಟಕದ ಗ್ರ್ಯಾಂಡ್‌ಮಾಸ್ಟರ್‌ಗಳ ಪಟ್ಟಿ ದಕ್ಷಿಣಕ್ಕೆ ವಾಲಿದೆ: 2017ರಲ್ಲಿ ರಾಜ್ಯದ ಮೊದಲಿಗರಾದ ತೇಜಕುಮಾರ್ ಮತ್ತು ನಂತರದ ಗಿರೀಶ್ ಕೌಶಿಕ್ ಮೈಸೂರಿನವರು, ಸ್ಟ್ಯಾನಿ ಶಿವಮೊಗ್ಗದವರು, 2022ರಲ್ಲಿ ಪಟ್ಟ ಪಡೆದ ಪ್ರಣವ್ ಆನಂದ್ ಬೆಂಗಳೂರಿನವರು.

ಹೀಗಿರುವಲ್ಲಿ ಆಟ ಕಲಿಯುವ ಹುಡುಗ ಹುಡುಗಿಯರ ಮೊದಲ ಗಟ್ಟಿ ಪಂದ್ಯ ಸಾಮಾನ್ಯವಾಗಿ ಶಾಲಾ ಕ್ರೀಡಾಕೂಟದ್ದು: ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂಬ ಮೆಟ್ಟಿಲುಗಳು. ಮಂತ್ರಿ ಗ್ಯಾಂಬಿಟ್‌ನ ಹತ್ತಾರು ಕವಲುಗಳನ್ನು ಕಲಿಸುವ ತರಬೇತುದಾರ ಪಕ್ಕದ ಬೀದಿಯಲ್ಲಿಲ್ಲದ ಊರಿನಲ್ಲಿ ಲಂಡನ್ ಪದ್ಧತಿ ನ್ಯಾಯವಾದ ಆಯ್ಕೆ. ಮೊಬೈಲಿನಲ್ಲಿ ಲಿಚೆಸ್ ತೆರೆದು ಆಡುವವರಿಗೆ ಅದು ದಿನಕ್ಕೆ ಎಷ್ಟು ಸಲ ಎದುರಾಗುತ್ತದೆ ಎಂಬುದೇ ಅದರ ಹರಡುವಿಕೆಗೆ ಸಾಕ್ಷಿ. ಹಾಗೆಂದು ಅದನ್ನೊಂದನ್ನೇ ಹಿಡಿದು ಕೂತರೆ ನಷ್ಟವೂ ಉಂಟು. ಸಿ4 ಆಡದೆ ಬೆಳೆದ ಆಟಗಾರನಿಗೆ ಒಂಟಿ ಪದಾತಿಯ ಸ್ಥಿತಿ, ಸಿ ಸಾಲಿನ ಮೇಲಿನ ಆನೆಗಳ ಕೆಲಸ, ಅಲ್ಪಸಂಖ್ಯೆಯ ಪದಾತಿಗಳಿಂದ ಮಾಡುವ ದಾಳಿ ಇವೆಲ್ಲ ಪರಿಚಯವಾಗುವುದೇ ಇಲ್ಲ. ಮೊದಲ ಎರಡು ವರ್ಷ ಲಂಡನ್ ಆಡಿ, ಆಮೇಲೆ ಅದರ ಜೊತೆಗೇ ಮಂತ್ರಿ ಗ್ಯಾಂಬಿಟ್ ಕಲಿಯುವುದು ಒಳ್ಳೆಯ ಕ್ರಮ. ಟ್ರೊಂಪೊವ್‌ಸ್ಕಿಯನ್ನು ಮಾತ್ರ ಹೊಸಬರ ಕೈಗೆ ಕೊಡಬಾರದು. ಅದರಲ್ಲಿ ನಡೆ ನಡೆಗೂ ಲೆಕ್ಕ ಬೇಕು.

ಕರಿಯ ಕಡೆಯವರಿಗೆ ಹೇಳುವುದು ಹೆಚ್ಚಿಲ್ಲ. ಎಫ್4ರ ಒಂಟೆಯ ಎದುರು ಮೂರು ಉತ್ತರಗಳು ನಂಬಿಕೆಗೆ ಯೋಗ್ಯ: ಬೇಗನೆ ಸಿ5 ಮತ್ತು ಮಂತ್ರಿ ಬಿ6, ಡಿ6ಕ್ಕೆ ತನ್ನ ಒಂಟೆಯನ್ನು ತಂದು ವಿನಿಮಯ ಕೇಳುವುದು, ಜಿ6ರ ವಿನ್ಯಾಸ ಕಟ್ಟಿ ಸಮಯ ಬಂದಾಗ ಇ5 ಒಡೆಯುವುದು. ಎರಡನೆಯದರಲ್ಲಿ ಒಂದು ಎಚ್ಚರಿಕೆ ಬೇಕು. ಎಫ್6ರ ಕುದುರೆ ಸ್ಥಳ ಬಿಟ್ಟಾಗ ಬಿಳಿ ಡಿ3ರ ಒಂಟೆಯನ್ನು ಎಚ್7ರಲ್ಲಿ ಬಲಿ ಕೊಟ್ಟು, ಕುದುರೆ ಜಿ5, ಮಂತ್ರಿ ಎಚ್5 ಎಂದು ನುಗ್ಗುವುದು ಈ ಆರಂಭದಲ್ಲಿ ಪದೇ ಪದೇ ಬರುತ್ತದೆ.

ಕರಿಗೂ ಇದೇ ಒಂಟೆಯ ತಲೆನೋವಿದೆ. ಇ6 ಆಡಿದರೆ ಸಿ8ರ ಒಂಟೆ ಒಳಗೇ ಉಳಿಯುತ್ತದೆ. 1. ಡಿ4 ಡಿ5 2. ಸಿ4 ಒಂಟೆ ಎಫ್5 ಎಂಬ ಬಾಲ್ಟಿಕ್ ರಕ್ಷಣೆ ಅದನ್ನು ತಕ್ಷಣ ಹೊರಡಿಸುತ್ತದೆ. ಆದರೆ ಬಿಳಿ ಡಿ5ರಲ್ಲಿ ಪದಾತಿ ಹೊಡೆದಾಗ ಮಂತ್ರಿಯಿಂದ ಮರುಹೊಡೆತ ಕೊಟ್ಟರೆ ಕುದುರೆ ಸಿ3 ಗತಿ ಗಳಿಸುತ್ತದೆ. ಅದನ್ನು ತಪ್ಪಿಸಲು ಕರಿ ಮೊದಲು ಒಂಟೆಯನ್ನೇ ಬಿ1ರ ಕುದುರೆಗೆ ಕೊಡಬೇಕಾಗುತ್ತದೆ. ಸ್ಲಾವ್ ರಕ್ಷಣೆಯಲ್ಲಿ 2... ಸಿ6 3. ಕುದುರೆ ಎಫ್3 ಕುದುರೆ ಎಫ್6 4. ಕುದುರೆ ಸಿ3 ಆದ ಮೇಲೆ ಆತುರಪಟ್ಟು 4... ಒಂಟೆ ಎಫ್5 ಆಡಿದರೆ, ಡಿ5ರಲ್ಲಿ ವಿನಿಮಯವಾಗಿ ಬಿಳಿಯ ಮಂತ್ರಿ ಬಿ3ಕ್ಕೆ ಬಂದು ಬಿ7, ಡಿ5 ಎರಡನ್ನೂ ಹಿಡಿಯುತ್ತದೆ. ಆಗ ಒಂಟೆಯನ್ನು ಸಿ8ಕ್ಕೆ ಹಿಂದಕ್ಕೆ ಕರೆಸಿಕೊಳ್ಳುವುದೇ ಕರಿಗೆ ಮರ್ಯಾದೆಯ ದಾರಿ. ಅದಕ್ಕೇ ಬಲ್ಲವರು 4ನೆಯ ನಡೆಗೆ ಮೊದಲು ಸಿ4ರ ಪದಾತಿಯನ್ನು ಹೊಡೆಯುತ್ತಾರೆ. ಬಿಳಿ ಎ4 ಆಡಿ ಬಿ5ನ್ನು ತಡೆಯುತ್ತದೆ. ಆಮೇಲೆ, ಐದನೆಯ ನಡೆಗೆ, ಒಂಟೆ ಎಫ್5. 1935 ಮತ್ತು 1937ರಲ್ಲಿ ಅಲೆಖಿನ್-ಯೂವೆ ವಿಶ್ವ ಚಾಂಪಿಯನ್‌ಷಿಪ್ ಪಂದ್ಯಗಳಲ್ಲಿ ಇಬ್ಬರೂ ಸ್ಲಾವ್ ರಕ್ಷಣೆಯನ್ನು ಮತ್ತೆ ಮತ್ತೆ ಒರೆಗೆ ಹಚ್ಚಿದರು. ಆ ಐದನೆಯ ನಡೆ ಇಂದಿಗೂ ಸ್ಲಾವ್‌ನ ಮುಖ್ಯ ಸಾಲು.